ಮನೆಯ ಲ್ಯಾಪ್‌ಟಾಪು ಮಂದವಾದಾಗ

ಊರು ಬಿಟ್ಟು ಪರಸ್ಥಳದಲ್ಲಿ ಬಿಡಾರ ಹೂಡಿದ ಸಂಸಾರಗಳಲ್ಲಿ ಹಿಂದೆಲ್ಲ ಒಂದು ಕಬ್ಬಿಣದ ಟ್ರಂಕು ಇರುತ್ತಿತ್ತು. ಮಕ್ಕಳ ಜಾತಕ, ಜಮೀನಿನ ಪತ್ರ, ಶಾಲೆಯ ಸರ್ಟಿಫಿಕೇಟು, ಮದುವೆಯ ಫೋಟೋ, ಊರಿನಿಂದ ಬಂದ ಕಾಗದಗಳು, ಎಲ್ಲಕ್ಕೂ ಅದೇ ಭದ್ರವಾದ ಜಾಗ. ಇಂದು ಆ ಟ್ರಂಕಿನ ಕೆಲಸವನ್ನು ಬಹುಮಟ್ಟಿಗೆ ಲ್ಯಾಪ್‌ಟಾಪು ವಹಿಸಿಕೊಂಡಿದೆ. ಕೊಚ್ಚಿಯ ಕಾಕ್ಕನಾಡಿನಲ್ಲಿ ಇನ್ಫೋಪಾರ್ಕಿನ ಕೆಲಸಕ್ಕೆ ಹೋಗುವ ಮಗಳಿಗೂ, ತಿರುವನಂತಪುರದ ತುಂಬಾದಲ್ಲಿ ರಾಕೆಟ್ಟಿನ ಕೆಲಸ ಮಾಡಿ ನಿವೃತ್ತರಾದ ತಂದೆಗೂ, ಪರೀಕ್ಷೆಗೆ ಓದುವ ಮೊಮ್ಮಗನಿಗೂ ಅದು ಬೇಕು. ಬ್ಯಾಂಕಿನ ವ್ಯವಹಾರ, ಪಿಂಚಣಿಯ ಕಾಗದ, ಊರಿನ ಮನೆಯ ತೆರಿಗೆ ರಸೀದಿ, ಅಜ್ಜಿಯ ಕೊನೆಯ ವರ್ಷಗಳ ಚಿತ್ರಗಳು, ಎಲ್ಲವೂ ಅದರ ಹೊಟ್ಟೆಯಲ್ಲಿವೆ.

ಇಂಥ ಯಂತ್ರ ಒಂದು ದಿನ ಆಮೆಯ ನಡಿಗೆ ಹಿಡಿಯುತ್ತದೆ. ಗುಂಡಿ ಒತ್ತಿ ಅಡಿಗೆಮನೆಗೆ ಹೋಗಿ ಕಾಫಿ ಕಾಸಿಕೊಂಡು ಬಂದರೂ ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇರುತ್ತದೆ. ಆಗ ಬರುವ ಸಲಹೆಗಳು ಎರಡೇ. ಒಬ್ಬರು, ‘ಹಳತಾಯಿತು, ಹೊಸದು ತಂದುಬಿಡಿ’ ಎನ್ನುತ್ತಾರೆ. ಇನ್ನೊಬ್ಬರು, ‘ಫಾರ್ಮ್ಯಾಟ್ ಮಾಡಿಸಿ, ಸರಿಹೋಗುತ್ತದೆ’ ಎನ್ನುತ್ತಾರೆ. ರೋಗ ಯಾವುದೆಂದು ಇಬ್ಬರೂ ಕೇಳುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಹಾಗಾಗುತ್ತದೆ ನಮ್ಮ ಪಾಡು.

ತಿರುವನಂತಪುರದಲ್ಲಿ ನಮ್ಮ ಪರಿಚಯದ ಒಂದು ಮನೆಯಲ್ಲಿ ನಡೆದುದು ಇದೇ. ತೀರಿಕೊಂಡ ಯಜಮಾನರು ತಮ್ಮ ಬಾಲ್ಯದ ನೆನಪುಗಳನ್ನು ಕನ್ನಡದಲ್ಲಿ ಟೈಪು ಮಾಡಿ ಇಟ್ಟಿದ್ದರು. ಯಂತ್ರ ನಿಧಾನವಾಯಿತೆಂದು ಮನೆಯವರು ಅದನ್ನು ಒಂದು ಅಂಗಡಿಗೆ ಕೊಟ್ಟರು. ಅಂಗಡಿಯವರು ಏನೂ ಕೇಳದೆ ಎಲ್ಲವನ್ನೂ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿಕೊಟ್ಟರು. ಫೋಟೋಗಳು ಮಗನ ಫೋನಿನಲ್ಲಿದ್ದುದರಿಂದ ಉಳಿದವು, ಬರೆದ ಪುಟಗಳು ಹೋದವು. ತಿಂಗಳೊಳಗೆ ಯಂತ್ರ ಮತ್ತೆ ಮೊದಲಿನಂತೆಯೇ ನಿಧಾನವಾಯಿತು. ಕೆಟ್ಟಿದ್ದುದು ಒಳಗಿನ ಡಿಸ್ಕು, ಅದನ್ನು ಯಾರೂ ನೋಡಿರಲಿಲ್ಲ.

ಆದುದರಿಂದ ಈ ಲೇಖನದಲ್ಲಿ ನಾವು ಹೇಳಬೇಕಾದುದು ಎರಡೇ ಮಾತು. ಮೊದಲು ಒಳಗಿನ ಸಾಮಾನನ್ನು ಜೋಪಾನ ಮಾಡಿ. ಆಮೇಲೆ ಯಂತ್ರ ಎಲ್ಲಿ ಸಿಕ್ಕಿಕೊಂಡಿದೆಯೆಂದು ಹುಡುಕಿ, ಅಲ್ಲಿಗೆ ಮಾತ್ರ ಖರ್ಚು ಮಾಡಿ.

ಮೊದಲ ಕೆಲಸ: ನಕಲು ತೆಗೆದಿಡುವುದು

ಯಂತ್ರ ಮಂದವಾಗುವುದಕ್ಕೆ ಇರುವ ಕಾರಣಗಳಲ್ಲಿ ಒಂದು, ಡಿಸ್ಕು ಕೆಡುತ್ತ ಬಂದಿರುವುದು. ಕೆಡುತ್ತಿರುವ ಡಿಸ್ಕು ಒಂದೊಂದು ಕಡತವನ್ನೂ ಹಲವು ಬಾರಿ ಓದಲು ಯತ್ನಿಸುತ್ತದೆ. ನಮಗೆ ಅದು ನಿಧಾನವಾಗಿ ತೋರುತ್ತದೆ. ‘ಟಿಕ್ ಟಿಕ್’ ಎಂಬ ಸದ್ದು ಕೇಳಿಬಂದರೆ ಅಥವಾ ಒಂದು ಕಡತ ತೆರೆಯುವಾಗ ಯಂತ್ರವೇ ನಿಂತುಹೋದರೆ ಬೇರಾವ ಪ್ರಯೋಗವನ್ನೂ ಮಾಡಕೂಡದು. ಮುಖ್ಯವಾದುದನ್ನು ಕೂಡಲೇ ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಳ್ಳತಕ್ಕದ್ದು.

ಬಲ್ಲವರು ಹೇಳುವ ಸೂತ್ರ ಸುಲಭವಾಗಿದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯ ಹೊರಗೆ. ಮನೆಯ ಹೊರಗೆ ಏಕೆಂದು ಕೊಚ್ಚಿಯ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2018ರ ಆಗಸ್ಟಿನ ಪ್ರಳಯದಲ್ಲಿ ಆಲುವಾ, ಪರವೂರುಗಳ ಎಷ್ಟೋ ಮನೆಗಳಿಗೆ ನೀರು ನುಗ್ಗಿತ್ತು. ನೆಡುಂಬಾಶ್ಶೇರಿಯ ವಿಮಾನ ನಿಲ್ದಾಣವೇ ಎರಡು ವಾರ ಮುಚ್ಚಿತ್ತು. ಲ್ಯಾಪ್‌ಟಾಪೂ ಅದರ ನಕಲಿನ ಡಿಸ್ಕೂ ಒಂದೇ ಬೀರುವಿನಲ್ಲಿದ್ದರೆ ನೀರಿಗೆ ಎರಡೂ ಒಂದೇ. ಒಂದು ಪ್ರತಿಯನ್ನು ಊರಿನ ಅಣ್ಣನ ಮನೆಯಲ್ಲೋ ಇಂಟರ್‌ನೆಟ್ಟಿನ ಸಂಗ್ರಹದಲ್ಲೋ ಇಡುವುದು ಲೇಸು.

ಕನ್ನಡದ ಮನೆಗಳಿಗೆ ಇಲ್ಲಿ ಇನ್ನೊಂದು ಎಚ್ಚರಿಕೆ ಬೇಕು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದಿತು. ಅನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದಿತು. ಆ ಕಾಲದಲ್ಲಿ ನಮ್ಮವರು ಟೈಪು ಮಾಡಿದ ಕಾಗದಗಳು, ಲಗ್ನಪತ್ರಿಕೆಗಳು, ಸಂಘದ ವರದಿಗಳು ಬಹುಪಾಲು ಆಯಾ ತಂತ್ರಾಂಶದ ಅಕ್ಷರರೂಪವನ್ನೇ ನಂಬಿಕೊಂಡಿವೆ. ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಲಸಿಹೋದಂತೆ ಕಾಣುತ್ತದೆ. ಕಡತ ಕೆಟ್ಟಿತೆಂದು ಅದನ್ನು ಎಸೆಯಬೇಡಿ. ನಕಲು ಮಾಡುವಾಗ ಆ ಫಾಂಟುಗಳನ್ನೂ ಜೊತೆಗೆ ತೆಗೆದಿಡಿ. ಬಿಡುವಾದಾಗ ಪರಿವರ್ತಕದ ಮೂಲಕ ಯೂನಿಕೋಡಿಗೆ ಬದಲಾಯಿಸಿಕೊಂಡರೆ ಮುಂದೆ ಮೊಮ್ಮಕ್ಕಳು ಯಾವ ಯಂತ್ರದಲ್ಲಾದರೂ ಓದಬಹುದು.

ರೋಗಪರೀಕ್ಷೆ

ನಕಲು ಆಯಿತೆಂದರೆ ಅರ್ಧ ಭಯ ಕಳೆಯಿತು. ಈಗ ಪರೀಕ್ಷೆಗೆ ತೊಡಗಬಹುದು.

ಮೊದಲು ಯಂತ್ರವನ್ನು ‘ರೀಸ್ಟಾರ್ಟ್’ ಮಾಡಿ. ದಿನವೂ ‘ಶಟ್ ಡೌನ್’ ಮಾಡುತ್ತೇವಲ್ಲ ಎಂದು ಕೆಲವರು ಕೇಳಬಹುದು. ವಿಂಡೋಸಿನಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಎಂಬ ಏರ್ಪಾಡು ಚಾಲ್ತಿಯಲ್ಲಿದ್ದರೆ ಶಟ್ ಡೌನ್ ಮಾಡಿದಾಗ ವ್ಯವಸ್ಥೆಯ ಒಳತಿರುಳು ಪೂರ್ತಿ ಅಳಿಯದೆ ಡಿಸ್ಕಿನಲ್ಲಿ ಉಳಿದು, ಮಾರನೆಯ ದಿನ ಹಾಗೆಯೇ ಮೇಲೇಳುತ್ತದೆ. ರೀಸ್ಟಾರ್ಟ್ ಮಾಡಿದಾಗ ಮಾತ್ರ ಎಲ್ಲವೂ ಹೊಸದಾಗಿ ಆರಂಭವಾಗುತ್ತದೆ. ವಾರಗಟ್ಟಲೆ ರೀಸ್ಟಾರ್ಟ್ ಕಾಣದ ಯಂತ್ರಗಳು ಇದೊಂದರಿಂದಲೇ ಚೇತರಿಸಿಕೊಳ್ಳುವುದುಂಟು.

ಎರಡನೆಯದಾಗಿ, ನಿಧಾನವಾಗಿರುವುದು ಯಂತ್ರವೋ ಇಂಟರ್‌ನೆಟ್ಟೋ ಎಂದು ಬೇರ್ಪಡಿಸಿ ನೋಡಿ. ವೈಫೈ ಆರಿಸಿ, ಯಂತ್ರದಲ್ಲೇ ಇರುವ ಒಂದು ಫೋಟೋವನ್ನೋ ಕಾಗದವನ್ನೋ ತೆರೆಯಿರಿ. ಅದು ತಟ್ಟನೆ ತೆರೆದರೆ ಯಂತ್ರದ ಮೇಲೆ ದೂರಿಲ್ಲ. ದಪ್ಪನೆಯ ಗೋಡೆಗಳ ಆಚೆ, ನಡುಮನೆಯ ಮೂಲೆಯಲ್ಲಿ ಕುಳಿತ ರೌಟರ್ ಅಪರಾಧಿಯಾಗಿರಬಹುದು. ಲ್ಯಾಪ್‌ಟಾಪನ್ನು ರೌಟರಿನ ಪಕ್ಕಕ್ಕೇ ಒಯ್ದು ನೋಡಿದರೆ ಸಂಶಯ ತೀರುತ್ತದೆ.

ಮೂರನೆಯದು ಮುಖ್ಯವಾದುದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ‘ಟಾಸ್ಕ್ ಮ್ಯಾನೇಜರ್’ ತೆರೆಯುತ್ತದೆ. ಅಲ್ಲಿ ಸಿಪಿಯು, ಮೆಮೊರಿ, ಡಿಸ್ಕ್, ನೆಟ್‌ವರ್ಕ್ ಎಂಬ ಕಾಲಂಗಳಿರುತ್ತವೆ. ವೈದ್ಯರು ನಾಡಿ ಹಿಡಿದು ನೋಡುವಂತೆ ಯಂತ್ರ ತೀರ ನಿಧಾನವಾಗಿರುವ ಹೊತ್ತಿನಲ್ಲೇ ಇದನ್ನು ನೋಡಬೇಕು. ಯಾವ ಕಾಲಂ ನೂರರ ಹತ್ತಿರ ನಿಂತಿದೆಯೋ ಅಲ್ಲಿ ದಾರಿ ಕಟ್ಟಿದೆ. ಕಾಲಂನ ತಲೆಯ ಮೇಲೆ ಒತ್ತಿದರೆ ಹೆಚ್ಚು ತಿನ್ನುತ್ತಿರುವ ತಂತ್ರಾಂಶದ ಹೆಸರು ಮೇಲಕ್ಕೆ ಬರುತ್ತದೆ. ಅದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

ಡಿಸ್ಕು ಕಟ್ಟಿದ್ದರೆ

ಏಳೆಂಟು ವರ್ಷಕ್ಕೂ ಹಿಂದಿನ ಲ್ಯಾಪ್‌ಟಾಪುಗಳಲ್ಲಿ ಬಹುಮಟ್ಟಿಗೆ ಇರುವ ಕಾಯಿಲೆ ಇದು. ಹಳೆಯ ಹಾರ್ಡ್ ಡಿಸ್ಕಿನೊಳಗೆ ನಿಜವಾಗಿಯೂ ಒಂದು ತಟ್ಟೆ ತಿರುಗುತ್ತಿರುತ್ತದೆ, ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು. ಎಂದರೆ ಸೆಕೆಂಡಿಗೆ 90 ಸುತ್ತು, ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡು. ಬೇಕಾದ ಮಾಹಿತಿ ಸೂಜಿಯ ಕೆಳಗೆ ಬರುವವರೆಗೆ ಕಾಯಬೇಕು, ಸೂಜಿಯ ತೋಳೂ ಅಲ್ಲಿಗೆ ಸರಿಯಬೇಕು. ಹೀಗಾಗಿ ಚದುರಿಬಿದ್ದ ಸಣ್ಣ ಸಣ್ಣ ತುಣುಕುಗಳನ್ನು ಸೆಕೆಂಡಿಗೆ ನೂರರ ಆಸುಪಾಸಿನಲ್ಲಷ್ಟೇ ಅದು ಹೆಕ್ಕಿ ತರಬಲ್ಲದು. ಯಂತ್ರ ಏಳುವಾಗ ಅಂಥ ಸಾವಿರಾರು ತುಣುಕು ಬೇಕಾಗುತ್ತವೆ. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಅದೇ ಕೆಲಸವನ್ನು ಸೆಕೆಂಡಿಗೆ ಹತ್ತಾರು ಸಾವಿರದ ಲೆಕ್ಕದಲ್ಲಿ ಮಾಡುತ್ತದೆ.

ಆದುದರಿಂದ ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕು ಬಹಳ ಹೊತ್ತು ನೂರರಲ್ಲೇ ನಿಂತಿದ್ದು, ಅದು ‘ಎಚ್‌ಡಿಡಿ’ ಎಂದು ತೋರಿದರೆ, ಎಸ್‌ಎಸ್‌ಡಿ ಹಾಕಿಸುವುದೇ ಸರಿಯಾದ ಮದ್ದು. ಹೊಸ ಲ್ಯಾಪ್‌ಟಾಪಿನ ಬೆಲೆಯ ಒಂದಂಶದಲ್ಲಿ ಹಳೆಯ ಯಂತ್ರಕ್ಕೆ ಮರುಜೀವ ಬರುತ್ತದೆ. ಇರುವುದು ಎಸ್‌ಎಸ್‌ಡಿಯೇ ಆಗಿದ್ದು, ಅದು ತುಂಬಿ ತುಳುಕುತ್ತಿದ್ದರೂ ನಿಧಾನವಾಗುತ್ತದೆ. ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಜಾಗ ಸದಾ ಖಾಲಿ ಇರಲಿ. ಕಸದ ಬುಟ್ಟಿ ಬರಿದು ಮಾಡಿ, ಡೌನ್‌ಲೋಡ್ ಕೋಣೆಯನ್ನು ಗುಡಿಸಿ, ವಾಟ್ಸಾಪಿನಿಂದ ಬಂದ ‘ಶುಭೋದಯ’ದ ವೀಡಿಯೋಗಳನ್ನು ಮರುಕವಿಲ್ಲದೆ ಅಳಿಸಿ.

ಮೆಮೊರಿ ಸಾಲದಿದ್ದರೆ

ರ್‍ಯಾಮ್ ಎಂಬುದು ಅಡಿಗೆಮನೆಯ ಕಟ್ಟೆಯಿದ್ದಂತೆ, ಡಿಸ್ಕು ಉಗ್ರಾಣವಿದ್ದಂತೆ. ಕಟ್ಟೆ ಚಿಕ್ಕದಾದರೆ ತರಕಾರಿ ಹೆಚ್ಚುವಾಗ ಪಾತ್ರೆಯನ್ನು ಉಗ್ರಾಣಕ್ಕೆ ಇಟ್ಟು ಬರಬೇಕು, ಒಗ್ಗರಣೆಗೆ ಮತ್ತೆ ತರಬೇಕು. ಯಂತ್ರವೂ ಹಾಗೆಯೇ ಓಡಾಡಿ ಸುಸ್ತಾಗುತ್ತದೆ. ನಾಲ್ಕು ಜಿಬಿ ಮೆಮೊರಿಯಲ್ಲಿ ಇಂದಿನ ಬ್ರೌಸರೂ ವೀಡಿಯೋ ಸಭೆಯೂ ಒಟ್ಟಿಗೆ ನಡೆಯುವುದು ಕಷ್ಟ. ಸಾಮಾನ್ಯ ಮನೆಬಳಕೆಗೆ ಎಂಟು ಜಿಬಿ ನೆಮ್ಮದಿಯಾಗಿ ಸಾಕಾಗುತ್ತದೆ.

ಆದರೆ ಖರ್ಚಿಗೆ ಮೊದಲು ಕಟ್ಟೆಯನ್ನು ಚೊಕ್ಕಟ ಮಾಡಿ ನೋಡಿ. ಬ್ರೌಸರಿನಲ್ಲಿ ಮೂವತ್ತು ಪುಟ ತೆರೆದಿಟ್ಟಿದ್ದರೆ ಇಪ್ಪತ್ತೈದನ್ನು ಮುಚ್ಚಿ. ಕೇಳದೆ ಬಂದು ಸೇರಿಕೊಂಡ ‘ಎಕ್ಸ್‌ಟೆನ್ಷನ್’ಗಳನ್ನು ತೆಗೆಯಿರಿ. ಟಾಸ್ಕ್ ಮ್ಯಾನೇಜರಿನ ‘ಸ್ಟಾರ್ಟಪ್’ ವಿಭಾಗದಲ್ಲಿ, ಯಂತ್ರ ಏಳುವಾಗಲೇ ತಾವೂ ಎದ್ದು ಕೂರುವ ತಂತ್ರಾಂಶಗಳ ಪಟ್ಟಿ ಇರುತ್ತದೆ. ಬೇಡದವುಗಳ ಮೇಲೆ ಒತ್ತಿ ‘ಡಿಸೇಬಲ್’ ಮಾಡಿದರೆ ಅವು ಅಳಿಸಿಹೋಗುವುದಿಲ್ಲ, ಕರೆದಾಗ ಮಾತ್ರ ಬರುತ್ತವೆ. ಒಂದೇ ಯಂತ್ರದಲ್ಲಿ ಎರಡು ಆ್ಯಂಟಿವೈರಸ್ ಬೇಡ. ವಿಂಡೋಸಿನ ಜೊತೆಗೇ ಬರುವ ಡಿಫೆಂಡರ್ ಮನೆಬಳಕೆಗೆ ಸಾಕು. ಇದೆಲ್ಲ ಆದ ಮೇಲೂ ಮೆಮೊರಿ ತುಂಬಿಯೇ ಇದ್ದರೆ ಹೆಚ್ಚಿಸುವ ಮಾತು. ಕೆಲವು ತೆಳ್ಳನೆಯ ಮಾದರಿಗಳಲ್ಲಿ ಮೆಮೊರಿಯನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಹೆಚ್ಚಿಸಲು ಬರುವುದಿಲ್ಲ. 2025ರ ಕೊನೆಯ ತಿಂಗಳುಗಳಲ್ಲಿ ರ್‍ಯಾಮಿನ ಬೆಲೆ ಬಹಳ ಏರಿತ್ತು. ಆದುದರಿಂದ ಮೊದಲೇ ವಿಚಾರಿಸಿ.

ಈ ಕಡಲತೀರದ ಕಾಯಿಲೆ

ಮೈಸೂರು, ಧಾರವಾಡಗಳ ಒಣಹವೆಯಲ್ಲಿ ಬೆಳೆದವರಿಗೆ ಇಲ್ಲಿಯ ಹವೆ ಯಂತ್ರಕ್ಕೆ ಏನು ಮಾಡುತ್ತದೆಂಬುದು ಬೇಗ ಹೊಳೆಯುವುದಿಲ್ಲ. ಇಡವಪ್ಪಾದಿಯ ಮಳೆ ಜೂನಿನಲ್ಲಿ ಹಿಡಿದರೆ, ತುಲಾವರ್ಷ ಮುಗಿಯುವ ಹೊತ್ತಿಗೆ ನವೆಂಬರು ಕಳೆದಿರುತ್ತದೆ. ಬೀರುವಿನ ಚರ್ಮದ ಚಪ್ಪಲಿಗೆ ಬೂಸು ಹಿಡಿಯುವಂತೆ, ಮುಚ್ಚಿಟ್ಟ ಲ್ಯಾಪ್‌ಟಾಪಿಗೂ ತೇವ ಸೇರುತ್ತದೆ. ಫ್ಯಾನಿನ ಧೂಳು ಈ ತೇವದಲ್ಲಿ ಅಂಟಾಗಿ, ಗಾಳಿ ಹೊರಹೋಗುವ ಕಿಂಡಿಯಲ್ಲಿ ಕಂಬಳಿಯಂತೆ ಕೂರುತ್ತದೆ.

ಆಗ ಶಾಖ ಹೊರಹೋಗುವುದಿಲ್ಲ. ತನ್ನನ್ನು ಸುಟ್ಟುಕೊಳ್ಳಬಾರದೆಂದು ಯಂತ್ರದ ಮಿದುಳು ತಾನೇ ವೇಗ ಇಳಿಸುತ್ತದೆ. ಬೆಳಗ್ಗೆ ಚುರುಕಾಗಿದ್ದು, ಅರ್ಧ ಗಂಟೆಯ ಮೇಲೆ ಮಂದವಾಗಿ, ಫ್ಯಾನು ಬುಸುಗುಟ್ಟಿ, ಕೆಳಭಾಗ ಕೈಗೆ ಸುಡುತ್ತಿದ್ದರೆ ಕಾಯಿಲೆ ಇದೇ ಎಂದು ತಿಳಿಯಿರಿ. ಹಾಸಿಗೆ, ದಿಂಬುಗಳ ಮೇಲೆ ಇಟ್ಟು ಬಳಸುವುದನ್ನು ಬಿಟ್ಟು ಗಟ್ಟಿಯಾದ ಮೇಜಿನ ಮೇಲೆ ಇಡಿ. ಫ್ಯಾನು, ಕಿಂಡಿಗಳನ್ನು ಶುಚಿಮಾಡಿಸಿ. ಮೂರು ನಾಲ್ಕು ವರ್ಷ ಕಳೆದಿದ್ದರೆ ಚಿಪ್ಪಿನ ಮೇಲಿನ ಥರ್ಮಲ್ ಪೇಸ್ಟನ್ನೂ ಬದಲಿಸಲು ಹೇಳಿ. ರಜೆಗೆ ಊರಿಗೆ ಹೋಗುವಾಗ ಯಂತ್ರವನ್ನು ಸಿಲಿಕಾ ಜೆಲ್ ಪೊಟ್ಟಣದೊಡನೆ ಮುಚ್ಚಿಡುವುದು ಒಳ್ಳೆಯದು. ತಣ್ಣನೆಯ ಏರ್‌ಕಂಡೀಶನ್ ಕೋಣೆಯಿಂದ ಹೊರಗೆ ತಂದೊಡನೆ ಮೈಮೇಲೆ ಹನಿಗಟ್ಟುವುದುಂಟು. ಸ್ವಲ್ಪ ಹೊತ್ತು ಬಿಟ್ಟು ಹಚ್ಚಿ.

ಬ್ಯಾಟರಿಯ ವಿಷಯದಲ್ಲಿ ಒಂದು ಮಾತು. ಬೆರಳಾಡಿಸುವ ಪಟ್ಟಿ ಮೇಲಕ್ಕೆ ಉಬ್ಬಿದ್ದರೆ ಅಥವಾ ಯಂತ್ರ ಸಮನಾಗಿ ಕೂರದಿದ್ದರೆ ಒಳಗಿನ ಬ್ಯಾಟರಿ ಊದಿಕೊಂಡಿದೆ. ಕೂಡಲೇ ಬಳಕೆ ನಿಲ್ಲಿಸಿ. ಅದನ್ನು ಒತ್ತುವುದು, ಚುಚ್ಚುವುದು ಬೆಂಕಿಗೆ ದಾರಿ.

ಅಂಗಡಿಗೆ ಒಯ್ಯುವಾಗ

ಕೊಚ್ಚಿಯಲ್ಲಿ ಮೇನಕೆಯ ಪೆಂಟಾ ಮೇನಕಾ ಕಟ್ಟಡ ಇಂಥ ರಿಪೇರಿಗೆ ಹೆಸರಾದ ಜಾಗ. ತಿರುವನಂತಪುರದಲ್ಲೂ ಅಂಗಡಿಗಳಿಗೆ ಕೊರತೆಯಿಲ್ಲ. ಎಲ್ಲಿಗೇ ಹೋಗಲಿ, ಟಾಸ್ಕ್ ಮ್ಯಾನೇಜರ್ ನೋಡಿ ಬರೆದ ಚೀಟಿ ಕೈಯಲ್ಲಿರಲಿ. ‘ಸ್ಲೋ ಆಗಿದೆ’ ಎನ್ನುವ ಗಿರಾಕಿಗೂ, ‘ಡಿಸ್ಕು ನೂರರಲ್ಲಿ ನಿಂತಿದೆ’ ಎನ್ನುವ ಗಿರಾಕಿಗೂ ಸಿಗುವ ಉತ್ತರ ಬೇರೆ ಬೇರೆ. ಹೊಸದಾಗಿ ಬಂದು ಮಲೆಯಾಳ ಇನ್ನೂ ಹಿಡಿತಕ್ಕೆ ಸಿಗದ ಬಂಧುಗಳು ಮೂರು ವಾಕ್ಯ ಕಲಿತರೆ ಸಾಕು. ‘ಹಾರ್ಡ್ ಡಿಸ್ಕ್ ಮಾಟ್ಟಿ ಎಸ್‌ಎಸ್‌ಡಿ ಇಡಣಂ’ ಎಂದರೆ ಡಿಸ್ಕು ಬದಲಿಸಿ ಎಸ್‌ಎಸ್‌ಡಿ ಹಾಕಬೇಕು ಎಂದು. ‘ಡೇಟಾ ಕಳಯರುದ್’ ಎಂದರೆ ಒಳಗಿರುವುದನ್ನು ಅಳಿಸಬಾರದು ಎಂದು. ‘ಪಳಯ ಡಿಸ್ಕ್ ತಿರಿಚ್ಚು ತರಣಂ’ ಎಂದರೆ ಹಳೆಯ ಡಿಸ್ಕನ್ನು ಮರಳಿ ಕೊಡಬೇಕು ಎಂದು. ಖರ್ಚಿನ ಅಂದಾಜನ್ನು ಬರಹದಲ್ಲಿ ಪಡೆಯಿರಿ.

ಪರದೆಯ ಮೇಲೆ ‘ನಿಮ್ಮ ಯಂತ್ರಕ್ಕೆ ವೈರಸ್ ತಗಲಿದೆ, ಈ ನಂಬರಿಗೆ ಫೋನು ಮಾಡಿ’ ಎಂದು ಕೂಗುವ ಚೌಕವನ್ನು ಮಾತ್ರ ಎಂದಿಗೂ ನಂಬಬೇಡಿ. ನಿಜವಾದ ಕಂಪೆನಿ ಹಾಗೆ ನಂಬರು ತೋರಿಸುವುದಿಲ್ಲ. ಅಂಥವರ ಮಾತು ಕೇಳಿ ದೂರದಿಂದ ಯಂತ್ರ ನಡೆಸುವ ತಂತ್ರಾಂಶ ಹಾಕಿಕೊಂಡರೆ ಬ್ಯಾಂಕಿನ ಬೀಗದಕೈಯನ್ನೇ ಕೊಟ್ಟಂತೆ. ಮನೆಯಲ್ಲಿ ಹಗಲು ಒಬ್ಬರೇ ಇರುವ ಹಿರಿಯರಿಗೆ ಇದನ್ನು ತಪ್ಪದೆ ತಿಳಿಸಿಡಿ. ಹಣ ಹೋಯಿತೆಂದು ತಿಳಿದ ಕ್ಷಣವೇ 1930ಕ್ಕೆ ಫೋನು ಮಾಡತಕ್ಕದ್ದು.

ಯಂತ್ರ ಗಟ್ಟಿ, ವಿಂಡೋಸ್ ಹಳತು

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಿದೆ. ಹಳೆಯ ಪ್ರೊಸೆಸರಿನ ಎಷ್ಟೋ ಯಂತ್ರಗಳನ್ನು ವಿಂಡೋಸ್ 11 ಒಪ್ಪಿಕೊಳ್ಳುವುದಿಲ್ಲ. ಮೈ ಗಟ್ಟಿಯಾಗಿರುವ ಇಂಥ ಯಂತ್ರಗಳನ್ನು ಎಸೆಯಬೇಕೇ? ನಾವು ನೆಲೆಸಿರುವ ಈ ರಾಜ್ಯವೇ ಅದಕ್ಕೆ ಒಂದು ಉತ್ತರ ಕೊಟ್ಟಿದೆ. ಕೇರಳದ ಶಾಲೆಗಳಲ್ಲಿ 2001ರಲ್ಲಿ ‘ಐಟಿ ಅಟ್ ಸ್ಕೂಲ್’ ಯೋಜನೆ ಶುರುವಾಯಿತು. 2017ರಲ್ಲಿ ಅದು ‘ಕೈಟ್’ ಎಂಬ ಸಂಸ್ಥೆಯಾಯಿತು. ಫ್ರೀ ಸಾಫ್ಟ್‌ವೇರ್ ಫೌಂಡೇಶನ್ನಿನ ಭಾರತದ ಶಾಖೆ ಆರಂಭವಾದುದೂ 2001ರಲ್ಲಿ, ತಿರುವನಂತಪುರದಲ್ಲೇ. ಇಲ್ಲಿಯ ಸರಕಾರಿ ಶಾಲೆಗಳ ಮಕ್ಕಳು ಕಲಿಯುವುದು ಉಬುಂಟು ಆಧರಿಸಿದ, ಹಣ ಕೊಡಬೇಕಿಲ್ಲದ ಗ್ನೂ/ಲಿನಕ್ಸ್ ವ್ಯವಸ್ಥೆಯಲ್ಲಿ.

ಅದೇ ಜಾತಿಯ ಹಗುರವಾದ ಲಿನಕ್ಸನ್ನು ಹಳೆಯ ಲ್ಯಾಪ್‌ಟಾಪಿಗೆ ಹಾಕಿಕೊಂಡರೆ ಓದು, ಬರಹ, ಅಂಚೆ, ವೀಡಿಯೋಗಳಿಗೆ ಅಡ್ಡಿಯಿಲ್ಲ. ಕನ್ನಡ ಟೈಪಿಗೆ ಕೆಜಿಪಿ ಕೀಲಿವಿನ್ಯಾಸವೂ ಸಿಗುತ್ತದೆ. ಪೆನ್‌ಡ್ರೈವಿನಿಂದಲೇ ನಡೆಸಿ, ಏನನ್ನೂ ಅಳಿಸದೆ ಪರೀಕ್ಷಿಸಿ ನೋಡಬಹುದು. ಕಚೇರಿಯ ತಂತ್ರಾಂಶಗಳು, ಲೆಕ್ಕಪತ್ರದ ಕೆಲವು ತಂತ್ರಾಂಶಗಳು ಇದರಲ್ಲಿ ನಡೆಯದಿರಬಹುದು. ಆದುದರಿಂದ ಮನೆಯ ಕೆಲಸಕ್ಕೆ ಏನೇನು ಬೇಕೆಂದು ಪಟ್ಟಿ ಮಾಡಿಕೊಂಡು ಮುಂದುವರಿಯುವುದು ಒಳಿತು.

ಹೊಸದನ್ನು ಕೊಳ್ಳಲೇಬೇಕಾದ ಸಂದರ್ಭವೂ ಉಂಟು. ಮದರ್‌ಬೋರ್ಡು ಕೆಟ್ಟಿದ್ದರೆ, ಬೆಸೆದ ಮೆಮೊರಿ ನಾಲ್ಕೇ ಜಿಬಿ ಇದ್ದು ಕೆಲಸ ಭಾರವಾದುದಾಗಿದ್ದರೆ, ರಿಪೇರಿಯ ಅಂದಾಜು ಹೊಸದರ ಅರ್ಧ ಬೆಲೆ ಮುಟ್ಟಿದರೆ, ಹಳೆಯದಕ್ಕೆ ಹಣ ಸುರಿಯುವುದು ಜಾಣತನವಲ್ಲ. ಆಗಲೂ ಹಳೆಯ ಡಿಸ್ಕನ್ನು ಹೊರತೆಗೆದು ನಿಮ್ಮ ಬಳಿಯೇ ಇಟ್ಟುಕೊಂಡು, ಉಳಿದುದನ್ನು ಇ-ತ್ಯಾಜ್ಯಕ್ಕೆ ಕೊಡಿ. ಮನೆಯ ಕಸದೊಡನೆ ಸೇರಿಸಬೇಡಿ.

ಕೊನೆಗೊಂದು ಸೂಚನೆ. ನಮ್ಮ ಸಂಘದ ಮನೆಗಳಲ್ಲಿ ಯಂತ್ರದ ವಿದ್ಯೆ ಬಲ್ಲ ತರುಣ ತರುಣಿಯರು ಬೇಕಾದಷ್ಟು ಮಂದಿ ಇದ್ದಾರೆ. ಮಕ್ಕಳು ದೂರದೇಶದಲ್ಲಿದ್ದು, ಒಬ್ಬರೇ ಇರುವ ಹಿರಿಯರೂ ಇದ್ದಾರೆ. ಮೂರು ತಿಂಗಳಿಗೊಂದು ಭಾನುವಾರ, ಒಬ್ಬೊಬ್ಬ ತರುಣರು ಒಂದೊಂದು ಹಿರಿಯರ ಮನೆಗೆ ಹೋಗಿ ಒಂದು ಹೊತ್ತು ಕುಳಿತರೆ ನಕಲೂ ಆಗುತ್ತದೆ, ಕಿಂಡಿಯ ಧೂಳೂ ಹೋಗುತ್ತದೆ, ಬೇಡದ ತಂತ್ರಾಂಶಗಳೂ ತೊಲಗುತ್ತವೆ. ಹೋದವರಿಗೆ ಒಂದು ಲೋಟ ಕಾಫಿ, ಒಂದಿಷ್ಟು ಕನ್ನಡದ ಮಾತು ದೊರೆಯುತ್ತದೆ. ಹೊರಡುವ ಮೊದಲು ಒಂದು ಪ್ರಶ್ನೆ ಮರೆಯದೆ ಕೇಳಿ: ‘ಇದರೊಳಗೆ ನೀವು ಕನ್ನಡದಲ್ಲಿ ಬರೆದಿಟ್ಟದ್ದು ಏನಾದರೂ ಇದೆಯೇ?’ ಇದೆ ಎಂದರೆ ಮೊದಲ ನಕಲು ಅದರದ್ದಾಗಲಿ.